ದೇವರ ಹೂವು, ಮಾಲೆಗಾರನ ಕೂಲಿ

ಕಳೆದ ಬೇಸಗೆಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದ. ಮಾಸ್ತರಿಕೆಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಇದಕ್ಕಿಂತ ಹಿಗ್ಗಿನ ಸಂಗತಿ ಇನ್ನಾವುದಿದ್ದೀತು? ಹುಡುಗ ಇಳಕಲ್ಲಿನವನು, ತಂದೆ ಕೈಮಗ್ಗದ ನೇಕಾರರು. ನಾನು ಹುನಗುಂದದಲ್ಲಿ ಮಾಸ್ತರನಾಗಿದ್ದಾಗ ನನ್ನ ಕೈಯಲ್ಲಿ ಹಳಗನ್ನಡ ಓದಿದವನು. ಮುಂದೆ ಕಂಪ್ಯೂಟರ್ ವಿದ್ಯೆ ಕಲಿತ. ಈಗ ಮೊಬೈಲ್ ಫೋನಿನಲ್ಲಿ ಇಟ್ಟುಕೊಳ್ಳುವ ಒಂದು ಆ್ಯಪ್ ಕಟ್ಟಿದ್ದಾನೆ. ಅದನ್ನು ತೆರೆದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು, ಮೂರ್ತಿಗಳು, ಶಾಸನಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಬೆರಳು ಇಟ್ಟಲ್ಲಿ ವಿವರಣೆ ಕೇಳಿಸುತ್ತದೆ. ನನಗೆ ಬಹಳ ಸಂತೋಷವಾಯಿತು. ನನ್ನ ಮನೆಯವರು ಅವನಿಗೆ ಎರಡು ಸಲ ಚಹಾ ಕೊಟ್ಟರು.

ಸಂತೋಷ ಮಳೆಗಾಲ ಮುಗಿಯುವವರೆಗೆ ಉಳಿಯಿತು. ಮುಂದೆ ನಮ್ಮ ಶಾಲೆಯ ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ದೆ. ಅಗಸ್ತ್ಯತೀರ್ಥದ ಬಡಗಣ ದಂಡೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ನಾಗನಾಥಕೊಳ್ಳದಿಂದ ಬಂದ ಪ್ರಸಿದ್ಧ ಲಜ್ಜಾಗೌರಿಯ ಶಿಲ್ಪ ಅಲ್ಲಿದೆ. ಆದಿಮಾನವರು ಆಸರೆ ಪಡೆದಿದ್ದ ಸಿಡಿಲಫಡಿಯ ಬಂಡೆಯ ಮಾದರಿಯೊಂದನ್ನೂ ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಚೀಟಿಯ ಹಣವಿಲ್ಲ. ಮಕ್ಕಳು ಗುಂಪಾಗಿ ಒಳಹೊಕ್ಕರು. ಅವರಲ್ಲೊಬ್ಬಳು ಅಣ್ಣನ ಫೋನು ತಂದಿದ್ದಳು. ಅದರಲ್ಲಿ ನಮ್ಮ ಹುಡುಗನ ಆ್ಯಪ್ ಇತ್ತು. ಮಾದರಿಯ ಮುಂದೆ ನಿಂತು ಆ ವಿವರಣೆ ತೆರೆಯಹೋದಳು. ತೆರೆಯಲಿಲ್ಲ. ಪರದೆಯ ಮೇಲೆ ಒಂದು ಬೀಗದ ಚಿತ್ರ. ಅದರ ಕೆಳಗೆ, ಪೂರ್ತಿ ಓದಲು 99 ರೂಪಾಯಿ ಕೊಡಿರಿ ಎಂಬ ಬರಹ.

“ಸರ, ಇಲ್ಲಿ ಗ್ವಾಡಿ ಮ್ಯಾಲೆ ಬರದದ್ದನ್ನs ಅದರಾಗ ಕೀಲಿ ಹಾಕ್ಯಾರ್ರಿ!” ಎಂದು ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ತೆರೆದಿದ್ದ ಎರಡು ಸಾಲುಗಳನ್ನು ಓದಿದೆ. ಗೋಡೆಯ ಫಲಕದಲ್ಲಿದ್ದ ಮಾತನ್ನೇ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡಂತಿತ್ತು. ಸರ್ಕಾರದ ಬಾಗಿಲಲ್ಲಿ ತಡೆಯಿಲ್ಲದೆ ಒಳಬಂದ ಮಗುವನ್ನು ನನ್ನ ಶಿಷ್ಯನ ಬಾಗಿಲು ತಡೆದು ನಿಲ್ಲಿಸಿತ್ತು.

ಸಂಜೆ ಫೋನು ಮಾಡಿ ಕೇಳಿದೆ. ದನಿ ಸ್ವಲ್ಪ ಏರಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವನು ಸಮಾಧಾನದಿಂದಲೇ ಹೇಳಿದ: “ಸರ, ಕಲ್ಲು ಸಾವಿರದ ನಾಕನೂರು ವರ್ಷದ್ದು. ಚಿತ್ರ ಯಾರ್‍ಯಾರೋ ಪುಕ್ಕಟೆ ಕೊಟ್ಟಾರ. ಗ್ವಾಡಿ ಮ್ಯಾಲಿನ ಮಾತು ಎಲ್ಲಾರಿಗೂ ಬರದದ್ದು. ಎರಡು ವರ್ಷ ನಾ ಇದಕ್ಕ ಕುಂತೀನ್ರಿ. ಎರಡು ರೊಕ್ಕ ತಗೊಂಡ್ರ ತಪ್ಪೇನ್ರಿ?” ನಾನು ಏನೋ ಹೇಳಹೋದೆ. ಅವನು ಮೆಲ್ಲಗೆ ಮತ್ತೊಂದು ಮಾತು ಸೇರಿಸಿದ: “ಸಿಟ್ಟಾಗಬ್ಯಾಡ್ರಿ ಸರ. ನೀವು ಬರದ ಶಾಸನದ ಪುಸ್ತಕಾನೂ ಮಾರೇವ್ರಲ್ರಿ. ಅದರಾಗ ಯಾರ ಹೆಸರು ಐತ್ರಿ?”

ನಾನು ಫೋನು ಇಟ್ಟೆ. ಮಾತು ನಾಟಿತ್ತು. ಇಪ್ಪತ್ತು ವರ್ಷದ ಹಿಂದೆ, ಪರೀಕ್ಷೆಗೆ ಕೂಡುವ ಹುಡುಗರಿಗೆಂದು ನಮ್ಮ ಸೀಮೆಯ ಹತ್ತು ಶಾಸನಗಳ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದ್ದೆ. ಬೆಲೆ ಹದಿನೈದು ರೂಪಾಯಿ. ಆ ಶಾಸನಗಳ ಪಾಠವನ್ನು ನಾನು ಬಂಡೆಯ ಮುಂದೆ ಕುಳಿತು ಓದಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಈ ಬಂಡೆಗಳನ್ನೇರಿ, ಅಚ್ಚು ತೆಗೆದು, ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅನಂತರ, 1939ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಆರ್. ಎಸ್. ಪಂಚಮುಖಿಯವರಂಥ ವಿದ್ವಾಂಸರು ಕರ್ನಾಟಕದ ಶಾಸನಗಳಿಗಾಗಿ ದುಡಿದರು. ಅವರೆಲ್ಲರ ದುಡಿಮೆಯ ಮೇಲೆ ನಾನು ನನ್ನ ಹೊತ್ತಗೆ ಕಟ್ಟಿದೆ. ರಕ್ಷಾಪತ್ರದ ಮೇಲೆ ಮಾತ್ರ ನನ್ನೊಬ್ಬನ ಹೆಸರು. ಶಿಷ್ಯನ ತಪ್ಪನ್ನು ಅಳೆಯಲು ಎತ್ತಿದ ಕೋಲು ಮೊದಲು ನನ್ನನ್ನೇ ಅಳೆಯಿತು.

ಆದ್ದರಿಂದ ಈ ಪ್ರಶ್ನೆಯನ್ನು ಸಿಟ್ಟಿಲ್ಲದೆ ವಿಚಾರಿಸಬೇಕೆನಿಸಿತು. ಮುಂದಿನ ಭಾನುವಾರ ಇಬ್ಬರೂ ಕೂಡಿ ಬಾದಾಮಿಗೆ ಹೋದೆವು. ಮೆಟ್ಟಿಲು ಹತ್ತಿ ಮೂರನೆಯ ಗುಹೆಯ ಬಳಿ ಕುಳಿತೆವು. ಈ ಗುಹೆ ಶಕವರ್ಷ 500ರಲ್ಲಿ, ಎಂದರೆ ಕ್ರಿಸ್ತಶಕ 578ರಲ್ಲಿ, ಮಂಗಲೇಶನು ವಿಷ್ಣುವಿಗಾಗಿ ಮಾಡಿಸಿದ್ದು. ಅದನ್ನು ಹೇಳುವ ಸಂಸ್ಕೃತ ಶಾಸನವನ್ನು ಎಲ್ಲರೂ ಬಲ್ಲರು. ಅಲ್ಲಿಯೇ ಕನ್ನಡದ ಒಂದು ಪುಟ್ಟ ಶಾಸನವಿದೆ. ನಾನು ಮೂವತ್ತು ವರ್ಷ ಪಾಠ ಹೇಳಿದರೂ ಅದರ ನೀತಿ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಮಂಗಲೇಶನು ಈ ಕಲ್ಲುಮನೆಗೆ ಲಂಜಿಗೇಸರವೆಂಬ ಊರನ್ನು ಕೊಟ್ಟನೆಂದು ಅದು ಹೇಳುತ್ತದೆ. ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಅರ್ಧವೀಸದ ಲೆಕ್ಕದಲ್ಲಿ ಇತ್ತುದನ್ನು ಹೇಳುತ್ತದೆ. ಇದನ್ನು ಅಳಿದವನು ಪಂಚಮಹಾಪಾತಕನಾಗಲಿ, ಏಳನೆಯ ನರಕದ ಹುಳುವಾಗಲಿ ಎಂದು ಶಪಿಸಿ ಮುಗಿಯುತ್ತದೆ.

ಈ ನಾಲ್ಕು ಸಾಲಿನಲ್ಲಿ ಇಬ್ಬರು ಮನುಷ್ಯರಿದ್ದಾರೆ. ಒಬ್ಬ ಮಾಲೆಗಾರ, ಇನ್ನೊಬ್ಬ ಅಳಿಯುವವನು. ಗುಹೆ ದಾನವಾಗಿ ಬಿಟ್ಟದ್ದು. ಆದರೂ ಅದರ ನೆರಳಿನಲ್ಲಿ ಹೂ ಕಟ್ಟಿ ಬದುಕುವವನಿಗೆ ಕೂಲಿ ಸಲ್ಲಬೇಕೆಂದು ದಾನಿಯೇ ಕಲ್ಲಿನಲ್ಲಿ ಬರೆಯಿಸಿದ. ಧರ್ಮಕ್ಕೆ ಬಿಟ್ಟ ವಸ್ತುವಿನಿಂದ ಯಾರೂ ಕಾಸು ಕಾಣಬಾರದೆಂದು ಅವನು ಹೇಳಲಿಲ್ಲ. ಆದರೆ ದಾನವನ್ನೇ ಅಳಿಸಿ ತನ್ನದು ಮಾಡಿಕೊಳ್ಳುವವನಿಗೆ ನರಕ ಕಾಯ್ದಿರಿಸಿದ. ನಾನು ನಮ್ಮ ಹುಡುಗನಿಗೆ ಹೇಳಿದೆ: “ನೋಡಪಾ, ನೀನು ಮಾಲೆಗಾರನೋ, ಅಳಿಯುವವನೋ? ಅಷ್ಟನ್ನ ನಿರ್ಧಾರ ಮಾಡಿಕೊಂಡರ ಸಾಕು.”

ಅವನು ತರ್ಕಶಕ್ತಿಯುಳ್ಳವನು. ಒಡನೆಯೇ ಕೇಳಿದ: “ಹೂವು ಒಬ್ಬರು ಮುಡದ್ರ ಇನ್ನೊಬ್ಬರಿಗಿಲ್ರಿ. ಚಿತ್ರ ಹಂಗಲ್ಲ. ಸಾವಿರ ಮಂದಿ ತಗೊಂಡ್ರೂ ಸವಿಯೂದಿಲ್ಲ. ನಾ ಏನು ಅಳಿಸಿದಂಗಾತ್ರಿ?” ಈ ಮಾತಿನಲ್ಲಿ ಬಲವಿದೆ, ಹಗುರಾಗಿ ತಳ್ಳುವಂತಿಲ್ಲ. ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳೇ ಈ ಮಾತನ್ನು ಒಪ್ಪಿವೆ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಂ 2012ರಲ್ಲಿ ತನ್ನ 1,25,000 ಕೃತಿಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು; ಬೇಕಾದರೆ ಬಟ್ಟೆಯ ಮೇಲೆ ಅಚ್ಚು ಹಾಕಿಕೊಳ್ಳಿರಿ ಎಂದಿತು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000 ಚಿತ್ರಗಳನ್ನೂ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ 28 ಲಕ್ಷ ಚಿತ್ರಗಳನ್ನೂ ಯಾವ ನಿಬಂಧನೆಯೂ ಇಲ್ಲದೆ ಬಿಟ್ಟುಕೊಟ್ಟವು. ವ್ಯಾಪಾರಕ್ಕೆ ಬಳಸಿದರೂ ಸರಿ ಎಂದು ಅವು ತಿಳಿದೇ ಕೊಟ್ಟವು.

ನಮ್ಮ ದೇಶದ ಕಾನೂನನ್ನೂ ನೋಡೋಣ. ಬಾದಾಮಿಯ ಶಿಲ್ಪಿಗೆ ಈಗ ಕೃತಿಸ್ವಾಮ್ಯವಿಲ್ಲ. ಆದರೆ ಅವನ ಶಿಲ್ಪದ ಛಾಯಾಚಿತ್ರ ಬೇರೆಯೇ ವಸ್ತು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಹಕ್ಕು ಪ್ರಕಟವಾದ ಮೇಲೆ ಅರುವತ್ತು ವರ್ಷ ಉಳಿಯುತ್ತದೆ. ಸರ್ಕಾರ ಪ್ರಕಟಿಸಿದ ಕೃತಿಗೂ ಅರುವತ್ತೇ ವರ್ಷ. 1855ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ನಮ್ಮ ಐಹೊಳೆ, ಬಾದಾಮಿಗಳ ಛಾಯಾಚಿತ್ರ ತೆಗೆದ. ಆ ಚಿತ್ರಗಳನ್ನು ಇಂದು ಯಾರೂ ಬಳಸಬಹುದು. ನಿನ್ನೆ ಯಾರೋ ತೆಗೆದ ಚಿತ್ರವನ್ನು ಹಾಗೆ ಬಳಸಲಾಗದು. ವಿಕಿಮೀಡಿಯಾ ಕಾಮನ್ಸ್ ಎಂಬ ಭಂಡಾರದಲ್ಲಿ ಉತ್ಸಾಹಿಗಳು ಇಟ್ಟ ಚಿತ್ರಗಳಲ್ಲಿ ಹೆಚ್ಚಿನವು ಪುಕ್ಕಟೆ, ಮಾರಲೂ ಬಹುದು; ಆದರೆ ತೆಗೆದವನ ಹೆಸರು ಹೇಳಬೇಕು ಎಂಬ ಕರಾರು ಬಹುಪಾಲು ಇರುತ್ತದೆ. ಕೆಲವಕ್ಕೆ, ತಿದ್ದಿ ಬಳಸಿದರೆ ನೀನೂ ಹಾಗೆಯೇ ಹಂಚಬೇಕು ಎಂಬ ಇನ್ನೊಂದು ಕರಾರು. ನಮ್ಮ ಸರ್ಕಾರ 2017ರಲ್ಲಿ ಹೊರಡಿಸಿದ ಮುಕ್ತ ದತ್ತಾಂಶದ ಪರವಾನಗಿಯೂ ವ್ಯಾಪಾರಕ್ಕೆ ಒಪ್ಪುತ್ತದೆ, ಮೂಲವನ್ನು ಹೇಳೆನ್ನುತ್ತದೆ. ಅನೇಕ ಸರ್ಕಾರಿ ಜಾಲತಾಣಗಳಲ್ಲಿಯೂ ಇದೇ ಮಾತು: ಇದ್ದದ್ದನ್ನು ಇದ್ದಂತೆ ಬಳಸು, ದಾರಿ ತಪ್ಪಿಸಬೇಡ, ಎಲ್ಲಿಂದ ಬಂತೆಂಬುದನ್ನು ಎದ್ದು ಕಾಣುವಂತೆ ಹೇಳು. ಕೆಲವು ಕಡೆ ಮೊದಲೇ ಅನುಮತಿ ಕೇಳಬೇಕು.

ಇದನ್ನೆಲ್ಲ ನಮ್ಮ ಹುಡುಗ ನನಗಿಂತ ಚೆನ್ನಾಗಿ ಬಲ್ಲ. ಇದರಲ್ಲಿ ಹೆಚ್ಚಿನದನ್ನು ಅವನೇ ನನಗೆ ಹೇಳಿಕೊಟ್ಟದ್ದು. ಆದರೂ ಅವನ ಆ್ಯಪಿನಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಯಾಕಪ್ಪಾ ಎಂದರೆ, “ಪರದೆ ಸಣ್ಣದ್ರಿ, ಜಾಗ ಸಾಲೂದಿಲ್ಲ” ಎಂದ. ನನ್ನ ಹೊತ್ತಗೆಯ ರಕ್ಷಾಪತ್ರದಲ್ಲಿಯೂ ಜಾಗ ಸಾಲದೇ ಹೋಗಿತ್ತು! ಇಬ್ಬರೂ ನಕ್ಕೆವು.

ಚಿತ್ರ ಸವೆಯದೆಂಬುದು ನಿಜ. ಆದರೆ ಸವೆಯುವ ಬೇರೆ ವಸ್ತುಗಳಿವೆ. ಮೊದಲನೆಯದು ಹೆಸರು. ಹೆಸರು ಬಿಟ್ಟುಹೋದಾಗ ದುಡಿದವನ ದುಡಿಮೆ ಇಲ್ಲದಂತಾಗುತ್ತದೆ. ವಿಜಯಪುರದ ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ಓಲೆಗರಿಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಅಚ್ಚಿನ ಕೆಲಸಕ್ಕಾಗಿ ಇದ್ದ ಮನೆಯನ್ನೂ ಕಳೆದುಕೊಂಡರು. ಅವರು ತೀರಿಕೊಂಡದ್ದು 1964ರಲ್ಲಿ. ಕಾಯಿದೆಯ ಅರುವತ್ತು ವರ್ಷ ತುಂಬಿ, 2025ರ ಜನವರಿ 1ರಿಂದ ಅವರ ಬರಹಗಳು ಎಲ್ಲರ ಸೊತ್ತು. ಇಂದು ಯಾರಾದರೂ ಅವರ ಪುಸ್ತಕವನ್ನು ಫೋನಿನೊಳಗೆ ಇಟ್ಟು ಮಾರಿದರೆ ಯಾವ ನ್ಯಾಯಾಲಯವೂ ಕೇಳದು. ಆದರೆ ಹಳಕಟ್ಟಿಯವರ ಹೆಸರನ್ನು ಬಿಟ್ಟು ಮಾರಿದವನಿಗೆ, ಕೂಡಲಸಂಗಮವನ್ನು ಮಡಿಲಲ್ಲಿಟ್ಟುಕೊಂಡ ನಮ್ಮ ಹುನಗುಂದ ತಾಲ್ಲೂಕಿನಲ್ಲಿ ಯಾರು ಮರ್ಯಾದೆ ಕೊಟ್ಟಾರು? ಕಾನೂನಿನ ಹಕ್ಕು ಅರುವತ್ತು ವರ್ಷಕ್ಕೆ ತೀರುತ್ತದೆ; ಉಪಕಾರದ ಸ್ಮರಣೆಗೆ ಅವಧಿಯಿಲ್ಲ.

ಎರಡನೆಯದು ನಿಜ. ಆ ಆ್ಯಪಿನಲ್ಲಿ ಐಹೊಳೆಯ ದುರ್ಗದ ಗುಡಿಯನ್ನು ದುರ್ಗಾದೇವಿಯ ಗುಡಿಯೆಂದು ಬರೆದಿತ್ತು. ಆ ಹೆಸರು ಬಂದದ್ದು ದೇವಿಯಿಂದಲ್ಲ, ದುರ್ಗದಿಂದ, ಎಂದರೆ ಕೋಟೆಯಿಂದ. ಫಲಕದಲ್ಲಿ ತಪ್ಪಿದ್ದರೆ ಒಂದೂರಿನಲ್ಲಿ ತಪ್ಪು. ಫೋನಿನಲ್ಲಿ ತಪ್ಪಿದ್ದರೆ ಊರೂರಿನಲ್ಲಿ ತಪ್ಪು. ಹಣ ಕೊಟ್ಟು ಓದಿದವನು ಅದನ್ನು ಇನ್ನಷ್ಟು ಗಟ್ಟಿಯಾಗಿ ನಂಬುತ್ತಾನೆ. ಪುಕ್ಕಟೆ ತಂದು ಬೆಲೆಗೆ ಮಾರುವವನು ನಡುವೆ ಪರೀಕ್ಷಿಸುವ ಶ್ರಮವನ್ನಾದರೂ ಮಾಡಬೇಡವೇ? ಆ ಶ್ರಮವೇ ಅವನ ಕೂಲಿಗೆ ಆಧಾರ.

ಮೂರನೆಯದು ದಾರಿ. ನಮ್ಮ ಶಾಲೆಯ ಹುಡುಗಿ ಗೋಡೆಯ ಮುಂದೆಯೇ ನಿಂತಿದ್ದಳು, ಅದಕ್ಕೇ ನಕ್ಕಳು. ಬಾದಾಮಿ ನೋಡದ ದೂರದ ಊರಿನ ಮಗು ನಗಲಾರದು. ಆ ಬೀಗವನ್ನು ನೋಡಿ, ನಮ್ಮ ನಾಡಿನ ಸಂಪತ್ತಿಗೆ 99 ರೂಪಾಯಿ ಬೆಲೆ, ನಮಗೆ ಅದು ಸಿಕ್ಕದು ಎಂದು ಫೋನು ಮುಚ್ಚಿಡುತ್ತದೆ. ಪುಕ್ಕಟೆಯ ಮೂಲ ಎಲ್ಲೋ ಇದ್ದೇ ಇದೆ; ಆದರೆ ಇದೆಯೆಂದು ಯಾರೂ ಹೇಳದಿದ್ದರೆ ಇದ್ದೂ ಇಲ್ಲದಂತೆ. ದಾನವನ್ನು ಅಳಿಯಬೇಕಾದರೆ ಶಾಸನವನ್ನು ಕೆತ್ತಿ ತೆಗೆಯಬೇಕಾಗಿಲ್ಲ. ಅದರ ಮುಂದೆ ಒಂದು ಗೋಡೆ ಕಟ್ಟಿದರೂ ಸಾಕು.

ಬಾದಾಮಿಯಿಂದ ಹಿಂದಿರುಗದೆ ನಾವು ಗುಳೇದಗುಡ್ಡ, ಅಮೀನಗಡಗಳ ಮೇಲಿಂದ ಇಳಕಲ್ಲಿಗೆ ಹೋದೆವು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡದ್ದನ್ನು ಹೇಳದಿದ್ದರೆ ನನ್ನ ಮನೆಯವರು ಈ ಭಾಷಣವನ್ನು ಒಪ್ಪಲಾರರು. ಹುಡುಗನ ತಂದೆ ಮಗ್ಗದ ಕುಣಿಯಲ್ಲಿ ಕುಳಿತಿದ್ದರು. ಸೆರಗಿಗೆ ತೋಪುತೆನಿ, ಅಂಚಿಗೆ ಗೋಮಿ ದಡಿ. ನಮ್ಮ ಚರ್ಚೆಯನ್ನು ಪೂರ್ತಿ ಕೇಳಿ ಅವರು ಹೀಗೆಂದರು: “ಮಾಸ್ತರ, ಗೋಮಿ ದಡಿ ನಮ್ಮಪ್ಪಂದೂ ಅಲ್ಲ, ಅವರಪ್ಪಂದೂ ಅಲ್ಲ. ಯಾರು ಬೇಕಾದವರು ನೇಯಲಿ. ನೇಯ್ದದ್ದಕ್ಕ ಕೂಲಿ ತಗೊಳ್ಳಲಿ. ಆದರ ಯಂತ್ರದಾಗ ನೇಯ್ದು ಕೈಮಗ್ಗದ ಇಳಕಲ್ ಸೀರಿ ಅಂತ ಮಾರತಾರಲ್ಲ, ಅದು ಹೊಟ್ಟಿಗೆ ಬೆಂಕಿ ಹಾಕಿದಂಗ.”

ಆ ತಂದೆ ಮಗನ ಪ್ರಶ್ನೆಯನ್ನು ಎರಡು ಮಾತಿನಲ್ಲಿ ಬಿಡಿಸಿಬಿಟ್ಟರು. 1999ರ ಭೌಗೋಳಿಕ ಸೂಚಿಯ ಕಾಯಿದೆಯಡಿ ಇಳಕಲ್ ಸೀರೆಗೆ ರಕ್ಷಣೆ ದೊರೆತದ್ದೂ ಇದೇ ವಿವೇಕದಿಂದ. ಸೀರೆ ನೇಯುವುದನ್ನು ಆ ಕಾಯಿದೆ ಯಾರಿಗೂ ನಿಷೇಧಿಸುವುದಿಲ್ಲ. ಇಳಕಲ್ಲಿನದಲ್ಲದ್ದನ್ನು ಇಳಕಲ್ಲಿನದೆಂದು ಹೇಳುವುದನ್ನು ನಿಷೇಧಿಸುತ್ತದೆ. ಸಂಪಾದನೆಯಲ್ಲಿ ಪಾಪವಿಲ್ಲ; ಮರೆಮಾಚುವುದರಲ್ಲಿದೆ.

ಈ ಮಾತು ನಮ್ಮ ಸೀಮೆಗೆ ಹೊಸದೂ ಅಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯನ್ನು ಗುಡಿಗಳ ಊರೆಂದು ಕೊಂಡಾಡುತ್ತೇವೆ. ಅದು ವ್ಯಾಪಾರಿಗಳ ಊರೂ ಹೌದೆಂಬುದನ್ನು ಮರೆಯುತ್ತೇವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ಕನ್ನಡ, ತೆಲುಗು, ತಮಿಳು ನಾಡುಗಳ ಶಾಸನಗಳಲ್ಲಿದೆ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಇದೆ. ಅವರು ತಮ್ಮ ನಡೆಯನ್ನು ವೀರಬಣಂಜು ಧರ್ಮವೆಂದು ಕರೆದುಕೊಂಡರು. ಲಾಭವನ್ನು ಅವರು ಹೀನವೆಂದು ತಿಳಿಯಲಿಲ್ಲ. ಆದರೆ ತಮ್ಮ ಸರಕಿನ ಮೇಲೆ ತಾವೇ ತೆರೆ ಹಾಕಿಕೊಂಡು ಗುಡಿ, ಮಠಗಳಿಗೆ ಪಾಲು ಕೊಡುತ್ತಿದ್ದರೆಂದು ಅನೇಕ ಶಾಸನಗಳು ಹೇಳುತ್ತವೆ. ಕೇಳಿ ವಸೂಲು ಮಾಡಿದ್ದಲ್ಲ, ಒಪ್ಪಿ ಕೊಟ್ಟದ್ದು. ಪುಕ್ಕಟೆ ಚಿತ್ರಗಳಿಂದ ಗಳಿಸುವ ಇಂದಿನ ವರ್ತಕನಿಗೂ ಈ ದಾರಿ ತೆರೆದಿದೆ. ಬಾದಾಮಿಯ ವಸ್ತುಸಂಗ್ರಹಾಲಯ ಅವನಿಂದ ಹಣ ಕೇಳಲಾರದು. ಆದರೆ ತಾನು ಮಾಡಿದ ಒಳ್ಳೆಯ ಚಿತ್ರ, ತಿದ್ದಿದ ಪಾಠ, ಹೊಸ ಧ್ವನಿಮುದ್ರಿಕೆ ಇವನ್ನು ಅದೇ ಭಂಡಾರಕ್ಕೆ ಅವನು ಮರಳಿ ತುಂಬಬಹುದಲ್ಲ!

ಹುಡುಗ ಅಂದು ಏನೂ ಹೇಳಲಿಲ್ಲ. ಎರಡು ತಿಂಗಳ ಮೇಲೆ ಹೊಸ ಆ್ಯಪ್ ತೋರಿಸಿದ. ಚಿತ್ರಗಳ ಮೇಲಿನ ಬೀಗ ಹೋಗಿತ್ತು. ಫಲಕದ ಮಾತು ಇದ್ದಲ್ಲಿ, ಇದು ಫಲಕದ ಮಾತು, ಇದನ್ನು ಪುಕ್ಕಟೆ ಓದಿರಿ ಎಂದಿತ್ತು. ಪ್ರತಿಯೊಂದು ಚಿತ್ರದ ಅಡಿಯಲ್ಲಿಯೂ ತೆಗೆದವರ ಹೆಸರು. ಪರದೆಯಲ್ಲಿ ಜಾಗ ಸಾಲುತ್ತದೆಂದು ಗೊತ್ತಾಯಿತು. ದುರ್ಗಾದೇವಿ ದುರ್ಗವಾಗಿದ್ದಳು. ಬೆಲೆ ಉಳಿದದ್ದು ಅವನು ತಾನೇ ನಡೆದಾಡಿ ರಚಿಸಿದ ಮೂರು ಗಂಟೆಯ ದಾರಿತೋರಿಕೆಗೆ: ಯಾವ ಗುಹೆಯನ್ನು ಯಾವ ಹೊತ್ತಿನ ಬೆಳಕಿನಲ್ಲಿ ನೋಡಬೇಕು, ಕಪ್ಪೆ ಅರಭಟ್ಟನ ಶಾಸನದ ಬಂಡೆಗೆ ಎತ್ತಣಿಂದ ಹೋಗಬೇಕು, ಅದರ ತ್ರಿಪದಿಯನ್ನು ಹೇಗೆ ಓದಬೇಕು ಎಂಬುದೆಲ್ಲ ಅದರಲ್ಲಿದೆ. ಆ ಓದುವ ದನಿ ನನ್ನದೇ. ಅದಕ್ಕೆ ಅವನು ಕೊಟ್ಟ ಸಂಭಾವನೆಯನ್ನು ನಾನು ಬೇಡವೆನ್ನಲಿಲ್ಲ. ಮಾಲೆಗಾರನಿಗೆ ಕೂಲಿ ಸಲ್ಲಬೇಕೆಂದು ಹೇಳಿಬಂದವನು ನಾನೇ ತಾನೆ?

ಗಳಿಕೆ ಮೊದಲಿಗಿಂತ ಕಡಿಮೆಯಾಗಿದೆ ಎಂದು ಅವನು ಮುಚ್ಚಿಡದೆ ಹೇಳಿದ. ನನಗೆ ನೋವಾಯಿತು. ನೀತಿಯ ಮಾತು ಹೇಳುವವನು ಇದನ್ನೂ ಹೇಳಬೇಕು; ಸರಿಯಾದ ದಾರಿ ಯಾವಾಗಲೂ ಲಾಭದ ದಾರಿಯಲ್ಲ. ಅವನ ತಂದೆಗೂ ಇದು ಗೊತ್ತು. ಯಂತ್ರದ ಸೀರೆಗೆ ಬರುವ ಗಿರಾಕಿಗಳಷ್ಟು ಅವರ ಮಗ್ಗದ ಸೀರೆಗೆ ಬರುವುದಿಲ್ಲ. ಆದರೂ ಅವರು ಮಗ್ಗವನ್ನು ಬಿಟ್ಟಿಲ್ಲ.

ನಾನೂ ನನ್ನ ಸಾಲ ತೀರಿಸಬೇಕಾಗಿತ್ತು. ನನ್ನ ಹೊತ್ತಗೆಯ ಹೊಸ ಮುದ್ರಣ ಈಗ ಅಚ್ಚಿನಲ್ಲಿದೆ. ಮೊದಲ ಪುಟದಲ್ಲಿ ಫ್ಲೀಟರಿಂದ ಹಿಡಿದು, ಯಾವ ಶಾಸನದ ಪಾಠವನ್ನು ಯಾರಿಂದ ಪಡೆದೆನೆಂಬ ಪಟ್ಟಿ ಇದೆ. ಕೊನೆಯ ಹೆಸರು ನನ್ನ ಶಿಷ್ಯನದು, ಪ್ರಶ್ನೆ ಕೇಳಿದ್ದಕ್ಕಾಗಿ.

ನಿಮ್ಮ ಮನೆಯಲ್ಲಿಯೂ ಮಕ್ಕಳು ಫೋನಿನಲ್ಲಿ ನಮ್ಮ ನಾಡಿನ ಗುಡಿಗಳನ್ನೂ ಮೂರ್ತಿಗಳನ್ನೂ ನೋಡುತ್ತಿರಬಹುದು. ಅವರು ಹಣ ಕೇಳಿದರೆ ಗದರಿಸಬೇಡಿರಿ. ಒಳ್ಳೆಯ ಮಾಲೆಗೆ ಕೂಲಿ ಕೊಡುವುದು ಧರ್ಮವೇ. ಕೊಡುವ ಮೊದಲು ಮಗುವಿನ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಈ ಹೂವು ಯಾರದು, ಕಟ್ಟಿದವರು ಯಾರು ಎಂದು ಇಬ್ಬರೂ ಕೂಡಿ ಹುಡುಕಿರಿ. ಉತ್ತರ ಅಲ್ಲಿಯೇ ಬರೆದಿದ್ದರೆ ಕೊಂಡುಕೊಳ್ಳಿರಿ. ಬರೆದಿರದಿದ್ದರೆ, ಒಂದು ಭಾನುವಾರ ಮಗುವನ್ನು ಕರೆದುಕೊಂಡು ಬಾದಾಮಿಗೆ ಬನ್ನಿರಿ. ಅಲ್ಲಿಯ ಬಂಡೆಯ ಮೇಲೆ ಬರೆದಿದೆ.